ಚೌಕಟ್ಟಿನ ಹಿಂಬದಿ

ಸೆಪ್ಟೆಂಬರ್ 9

ಪ್ರೀತಿಯ ಮೊಳೆ,

ನಿನ್ನ ಅಣ್ಣ ಹೋಗಿ ನಾಳೆಗೆ ಆರು ತಿಂಗಳು. ಫೋನಿನಲ್ಲಿ ಮಾತಾಡೋಣವೆಂದರೆ ಎರಡನೇ ಮಾತಿಗೇ ಫೋನನ್ನು ಮಡಿಲಲ್ಲಿ ಇಟ್ಟುಬಿಡುತ್ತೇನೆ. ಆಮೇಲೆ ನೀನು ಆ ಕಡೆ "ಅತ್ತಿಗೆ, ಅತ್ತಿಗೆ" ಅನ್ನುತ್ತಾ ಕೂರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ದಿನಾ ದಿನಚರಿ ಬರೆಯುವವಳಿಗೆ ಕಾಗದ ಹೊಸದಲ್ಲ.

ಚಳಿ ಬರುವುದರೊಳಗೆ ಒಂದು ಕೆಲಸ ಆಗಬೇಕು. ನಮ್ಮ ಮುಂದಿನ ಕೋಣೆಯ ಅಗ್ಗಿಷ್ಟಿಕೆ ನಿನಗೆ ಗೊತ್ತಲ್ಲ. ಮನೆ ಕಟ್ಟಿ ಹತ್ತೊಂಬತ್ತು ವರ್ಷವಾದರೂ ಅದರ ಸುತ್ತ ಬರೀ ಇಟ್ಟಿಗೆ. ಊರಿನ ಅರ್ಧ ಮನೆಗಳ ಬೆಂಕಿಗೂಡಿಗೆ ಮರದ ಚೌಕಟ್ಟು ಮಾಡಿಕೊಟ್ಟ ಬಡಗಿಯ ಮನೆಯಲ್ಲೇ ಹೀಗಾ ಎಂದು ಬಂದವರೆಲ್ಲ ನಗುತ್ತಿದ್ದರು. "ಮರ ಇನ್ನೂ ಮಲಗಿದೆ, ಎದ್ದ ಮೇಲೆ ಮಾಡ್ತೀನಿ" ಅನ್ನುತ್ತಿದ್ದರು ಇವರು. ಅದು ನಿಜವೇ ಆಗಿತ್ತು. ಆ ಅಕ್ರೋಟು ಹಲಗೆಗಳು ಹನ್ನೊಂದು ವರ್ಷ ನಮ್ಮ ಮಂಚದ ಕೆಳಗೆ ಒಣಗುತ್ತಾ ಮಲಗಿದ್ದವು. ಗುಡಿಸುವಾಗ ಪೊರಕೆ ತಗುಲದ ದಿನವಿಲ್ಲ. ಕಳೆದ ಚಳಿಗಾಲದಲ್ಲಿ ಕೊನೆಗೂ ಅವನ್ನು ಹೊರಗೆಳೆದು ಪಟ್ಟಣದ ನಿಮ್ಮ ಕಾರ್ಖಾನೆಗೆ ಸಾಗಿಸಿದರು. ಪ್ರತಿ ಶನಿವಾರ ಮನೆಗೆ ಬಂದಾಗ ಎಲ್ಲಿಗೆ ಬಂತು ಎಂದು ಕೇಳಿದರೆ, "ಮುಗಿದ ಮೇಲೆ ನೋಡು" ಎನ್ನುವುದೊಂದೇ ಉತ್ತರ.

ಏಪ್ರಿಲ್‌ನಲ್ಲಿ ನೀನು ಬರೆದಿದ್ದೆ, ಆ ಮರ ಸೀಳಿಹೋಯಿತು, ಒಲೆಗೆ ಹಾಕಿದೆ ಎಂದು. ಆಗ ನಾನು ಏನೂ ಕೇಳಲಿಲ್ಲ. ಮನುಷ್ಯನೇ ಹೋದ ಮೇಲೆ ಮರದ ಮಾತೇನು ಎಂದು ಸುಮ್ಮನಾದೆ. ಈಗ ಒಂದು ಕೇಳುತ್ತೇನೆ. ಅದರ ಹಿಂಬದಿಯಲ್ಲಿ ಅವರು ಏನಾದರೂ ಬರೆದಿದ್ದರಾ? ಅವರ ಚಾಳಿ ನಿನಗೆ ಗೊತ್ತು. ಯಾವ ಕೆಲಸ ಮುಗಿದರೂ ಗೋಡೆಗೆ ಕೂರಿಸುವ ಮುಂಚೆ, ಯಾರ ಕಣ್ಣಿಗೂ ಬೀಳದ ಬೆನ್ನಿನ ಮೇಲೆ ಸೀಸದಕಡ್ಡಿಯಿಂದ ಒಂದು ಸಾಲು ಬರೆಯುವುದು. ಆ ನಿವೃತ್ತ ಸಾಹೇಬರ ಪುಸ್ತಕದ ಬೀರುವಿನ ಹಿಂದೆ "ಇವರು ಅಳತೆ ಮೂರು ಸಲ ಬದಲಿಸಿದರು, ನಾನು ಒಂದು ಸಲವೂ ಬೈಯಲಿಲ್ಲ" ಎಂದು ಬರೆದು ಬಂದು ನಕ್ಕಿದ್ದೇ ನಕ್ಕಿದ್ದು. ನನಗಾಗಿ ಮಾಡುತ್ತಿದ್ದದ್ದು ಅದೊಂದೇ. ಏನಾದರೂ ಬರೆದಿದ್ದರೆ ನನಗೆ ಬೇಕು.

ಬರೆದಿಲ್ಲದಿದ್ದರೆ ಪರವಾಗಿಲ್ಲ. ನಿನ್ನ ಹತ್ತಿರ ಇರುವವುಗಳಲ್ಲಿ ಒಂದು ಒಳ್ಳೆಯ ಚೌಕಟ್ಟು ಆರಿಸಬೇಕು. ಅಳತೆ ಬರೆದು ಕಳಿಸು. ಮೇಲ್ಹಲಗೆಯ ಎತ್ತರ ಮುಖ್ಯ. ನನ್ನ ಬಲ ಭುಜದ ಕಥೆ ಗೊತ್ತಲ್ಲ, ಕೈ ಅರ್ಧದವರೆಗೆ ಮಾತ್ರ ಏಳುತ್ತದೆ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ
ಅತ್ತಿಗೆ


ಸೆಪ್ಟೆಂಬರ್ 24

ಪ್ರೀತಿಯ ಅತ್ತಿಗೆ,

ಕಾಗದ ಕೈಗೆ ಬಂದು ವಾರವಾಯಿತು, ಬೈಯಬೇಡಿ. ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ.

ಮೊದಲು ಆ ವಿಷಯ. ಹಿಂಬದಿಯಲ್ಲಿ ಏನೂ ಬರೆದಿರಲಿಲ್ಲ. ಕೂಡಿಸುವುದಕ್ಕೆ ಮುಂಚೆಯೇ ಮೇಲ್ಹಲಗೆ ಉದ್ದಕ್ಕೂ ಬಿಟ್ಟುಕೊಂಡಿತು, ಒಳಗೆಲ್ಲೋ ಬಿರುಕು ಅಡಗಿತ್ತು. ಮುಗಿಸದೆ ಬರೆಯುವವನಲ್ಲ ಅಣ್ಣ, ನಿಮಗೇ ಗೊತ್ತು. ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು. ಅದಕ್ಕೇ ಒಲೆಗೆ ಹಾಕಿಬಿಟ್ಟೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕಾರ್ಖಾನೆಯ ಮುಂಭಾಗಕ್ಕೆ ಗಾಜು ಹಾಕಿಸಿ ಶೋರೂಂ ಮಾಡಿದ್ದೇನೆ. ಗಿರಾಕಿಗಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟಿದ್ದೇನೆ. ನಾವೆಲ್ಲ ಅವಳನ್ನು ಮಾತಿನಮಲ್ಲಿ ಅನ್ನುತ್ತೇವೆ. ಅವಳ ಮಾತು ಕೇಳಿದರೆ ಬೆಂಕಿಗೂಡಿಲ್ಲದವರೂ ಚೌಕಟ್ಟು ಕೊಂಡು ಹೋಗುತ್ತಾರೆ.

ಈಗ ಮೂರು ಇವೆ. ಒಂದು ಬಿಳಿ ಬಣ್ಣದ್ದು, ನಾಲ್ಕು ಅಡಿ ಆರು ಇಂಚು ಎತ್ತರ, ಸಾದಾ. ಎರಡನೆಯದು ಬಳ್ಳಿ ಕೆತ್ತನೆಯದು, ನಾಲ್ಕು ಅಡಿ ನಾಲ್ಕು ಇಂಚು. ಮೂರನೆಯದು ಮಾರುವುದಲ್ಲ, ತೋರಿಸುವುದು. ನಾನೇ ಮಾಡಿದ್ದು ಅತ್ತಿಗೆ. ಹೇಳಿಕೊಳ್ಳಬಾರದು, ಆದರೆ ನಿಮ್ಮ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳಲಿ. ಒಂದು ದೊಡ್ಡ ಹೋಟೆಲಿನವರು ಅದನ್ನು ನೋಡಿಯೇ ಹನ್ನೆರಡು ಕೋಣೆಗಳ ಕೆಲಸ ಕೊಟ್ಟರು. "ಇದು ನಿಮ್ಮ ಕೈಯಾ?" ಎಂದು ಆ ಮ್ಯಾನೇಜರ್ ನನ್ನ ಕೈ ಹಿಡಿದು ನೋಡಿದ. ಅದರ ಎತ್ತರ ನಾಲ್ಕು ಅಡಿ ಒಂದು ಇಂಚು. ಅದರಲ್ಲಿ ಕಾಲುಗಳ ಕೆಳಗೆ ಕೊಟ್ಟ ಮೂರು ಇಂಚಿನ ಅಡಿಗಟ್ಟೆಯೂ ಸೇರಿದೆ. ಮೊದಲು ಬಂದವರೆಲ್ಲ "ಇದೇನು, ಕೂತ್ಕೊಂಡು ನೋಡೋದಕ್ಕಾ?" ಎಂದು ತಮಾಷೆ ಮಾಡುತ್ತಿದ್ದರು, ಅದಕ್ಕೆ ಎತ್ತರಿಸಿದೆ.

ನಿಮಗೆ ಬಳ್ಳಿಯದು ಚೆನ್ನಾಗಿ ಕಾಣುತ್ತದೆ. ಹೂಂ ಅನ್ನಿ, ನಾನೇ ಬಂದು ಕೂರಿಸಿ ಹೋಗುತ್ತೇನೆ.

ನಿಮ್ಮ
ಮೊಳೆ


ಅಕ್ಟೋಬರ್ 6

ಪ್ರೀತಿಯ ಮೊಳೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನ್ನ ಕೆಲಸವನ್ನು ಹೊರಗಿನವರು ಮೆಚ್ಚಿದರೆಂದು ಕೇಳಿ, ಒಂಬತ್ತು ವರ್ಷದ ನೀನು ನಮ್ಮ ಮನೆಗೆ ಬಂದ ದಿನ ನೆನಪಾಯಿತು. ನನ್ನ ಮದುವೆಯಾಗಿ ಇಪ್ಪತ್ತು ದಿನ ಆಗಿತ್ತು. ನೀನು ಕಡ್ಡಿಯಂತೆ ನೆಟ್ಟಗೆ ಬಾಗಿಲಲ್ಲಿ ನಿಂತಿದ್ದೆ. ಮರಕ್ಕೆ ಮರದ ಗೂಟವೇ ಆಗಬೇಕು ಎನ್ನುವ ನಿನ್ನ ಅಣ್ಣ, "ನನ್ನ ಮನೆಯಲ್ಲಿ ಇರೋ ಒಂದೇ ಮೊಳೆ ಇವನು" ಅಂದರು. ಅಲ್ಲಿಂದ ಆ ಹೆಸರೇ ನಿಂತಿತು.

ಚೌಕಟ್ಟು ಆರಿಸುವುದು ಹೇಗೆಂದು ಅವರು ನನಗೂ ಸ್ವಲ್ಪ ಹೇಳಿಕೊಟ್ಟಿದ್ದಾರೆ. ಮುಂದಿನಿಂದ ನೋಡಬೇಡ, ಮುಂದಿನಿಂದ ಎಲ್ಲವೂ ಚೆನ್ನಾಗಿರುತ್ತವೆ ಅನ್ನುತ್ತಿದ್ದರು. ಕಾಲಿನ ಮರದ ಗೆರೆ ಮೂಲೆಯಲ್ಲಿ ತಿರುಗಿ ಅಡ್ಡಪಟ್ಟಿಯಲ್ಲಿ ಮುಂದುವರಿಯಬೇಕು, ಆಗ ಒಂದೇ ಹಲಗೆಯಿಂದ ಕೊಯ್ದದ್ದು ಎಂದು ಗೊತ್ತಾಗುತ್ತದೆ. ಬೆರಳಿನಿಂದ ತಟ್ಟಿದರೆ ಡಬ್ಬದ ಸದ್ದು ಬರಬಾರದು. ಬೆಂಕಿಯ ಬಾಯಿಗೂ ಮರಕ್ಕೂ ನಡುವೆ ಒಂದು ಗೇಣು ಕಲ್ಲು ಇರಬೇಕು. ಹಿಂಬದಿಯನ್ನೂ ಮುಂಬದಿಯಷ್ಟೇ ಕೀಸಿರಬೇಕು. "ಬೆನ್ನು ಒರಟಾಗಿ ಬಿಟ್ಟವನು ಹೊಟ್ಟೆಯಲ್ಲೂ ಏನೋ ಬಚ್ಚಿಟ್ಟಿರ್ತಾನೆ" ಎಂದು ನಿನಗೂ ಎಷ್ಟೋ ಸಲ ಹೇಳಿದ್ದಾರೆ.

ಬಳ್ಳಿಯದು ಬೇಡ. ಧೂಳು ಕೂರುತ್ತದೆ. ಆ ಮೂರನೆಯದರ ಬಗ್ಗೆ ಕೇಳಬೇಕು. ಅದು ಯಾವ ಮರ? ಗೂಟ ಹಾಕಿದ್ದೀಯೋ, ಸ್ಕ್ರೂ ಹಾಕಿದ್ದೀಯೋ? ಅಡಿಗಟ್ಟೆ ತೆಗೆದರೆ ಸರಿಯಾಗಿ ಎಷ್ಟು ಎತ್ತರ ಬರುತ್ತದೆ? ಹಿಂಬದಿ ಹೇಗಿದೆ? ಇನ್ನೊಂದು. ನೀನೇ ಮಾಡಿದ್ದಾದರೆ ಅಷ್ಟು ಗಿಡ್ಡ ಯಾಕೆ ಮಾಡಿದೆ?

ಅವಸರವಿಲ್ಲ. ಸರಿಯಾಗಿ ನೋಡಿ ಬರೆ.

ನಿನ್ನ
ಅತ್ತಿಗೆ


ಅಕ್ಟೋಬರ್ 15

ಪ್ರೀತಿಯ ಅತ್ತಿಗೆ,

ಇಷ್ಟು ಪ್ರಶ್ನೆಗಳನ್ನು ಆ ಹೋಟೆಲಿನವರೂ ಕೇಳಿರಲಿಲ್ಲ. ಪೊಲೀಸಿಗೆ ಸೇರಬೇಕಿತ್ತು ನೀವು.

ಅಕ್ರೋಟು ಮರ, ಬೇರೆ ಕಡೆಯಿಂದ ತರಿಸಿದ್ದು. ಒಂದೇ ಹಲಗೆ, ಗೆರೆ ಮೂಲೆಯಲ್ಲಿ ನೀರಿನ ಹಾಗೆ ತಿರುಗುತ್ತದೆ. ಪೂರ್ತಿ ಗೂಟದ ಕೆಲಸ. ಹಿಂಬದಿಯನ್ನೂ ಕೀಸಿದ್ದೇನೆ, ಅಣ್ಣ ಕಲಿಸಿದ್ದು ಎಲ್ಲಿ ಹೋಗುತ್ತದೆ. ಅಡಿಗಟ್ಟೆ ಬಿಟ್ಟು ಮೂರು ಅಡಿ ಹತ್ತು ಇಂಚು. ಗಿಡ್ಡ ಆಗಿದ್ದು ನನ್ನದೇ ತಪ್ಪು, ಅಳತೆ ಹಾಕುವಾಗ ಏನೋ ಯೋಚನೆಯಲ್ಲಿದ್ದೆ. ತಪ್ಪಾದದ್ದೇ ಒಳ್ಳೆಯದಾಯಿತು, ಎಲ್ಲರೂ ಅದನ್ನೇ ಮೆಚ್ಚುತ್ತಾರೆ.

ನಿಮಗೆ ಅಂಥದ್ದೇ ಬೇಕಾದರೆ ಹೋಟೆಲಿನ ಕೆಲಸ ಮುಗಿದ ಮೇಲೆ ಮಾಡಿಕೊಡುತ್ತೇನೆ, ನಿಮ್ಮ ಕೈಗೆ ಎಟುಕುವ ಹಾಗೆ. ಮುಂದಿನ ವಾರ ಪೂರ್ತಿ ನಾನು ಹೋಟೆಲಿನ ಹತ್ತಿರವೇ ಇರುತ್ತೇನೆ. ಫೋನ್ ಮಾಡಿದರೆ ಸಿಗುವುದು ಕಷ್ಟ.

ನಿಮ್ಮ
ಮೊಳೆ


ಅಕ್ಟೋಬರ್ 23

ಮೊಳೆ,

ನಿನ್ನೆ ಬೆಳಗಿನ ಬಸ್ಸಿಗೆ ಪಟ್ಟಣಕ್ಕೆ ಬಂದಿದ್ದೆ. ನೀನು ಇರುವುದಿಲ್ಲವೆಂದು ತಿಳಿದೇ ಬಂದೆ.

ನಿನ್ನ ಮಾತಿನಮಲ್ಲಿಗೆ ನಾನು ಯಾರೆಂದು ಹೇಳಲಿಲ್ಲ. ಒಳ್ಳೆಯ ಹೆಂಗಸು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ನಾನು ನೇರವಾಗಿ ಆ ಮೂರನೆಯದರ ಮುಂದೆ ಹೋಗಿ ನಿಂತೆ.

"ಅಮ್ಮಾ, ಅದು ಮಾರೋದಲ್ಲ. ನಮ್ಮ ಸಾಹೇಬ್ರು ಕೈಯಾರೆ ಮಾಡಿದ್ದು."

"ಯಾರಿಗೋಸ್ಕರ ಮಾಡಿದ್ರಂತೆ?"

"ಯಾರಿಗೂ ಅಲ್ಲ. ಮನಸ್ಸಿಗೆ ಬಂತು, ಮಾಡಿದ್ರು. ಸ್ವಲ್ಪ ಗಿಡ್ಡ ಆಯ್ತು. ನಿಮ್ಮಂಥೋರಿಗೆ ಸರಿಹೋಗತ್ತೆ ನೋಡಿ." ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. "ಬೇಜಾರು ಮಾಡ್ಕೋಬೇಡಿ."

ಬೇಜಾರಾಗಲಿಲ್ಲ. ಅವಳು ಅಲ್ಲಿ ಹೇಳಿದ ಒಂದೇ ನಿಜ ಅದು.

ನನ್ನ ದಿನಚರಿಯ ಒಂದು ಪುಟವನ್ನು ಇಲ್ಲಿ ಇಳಿಸುತ್ತೇನೆ. ಜನವರಿ 21, ಭಾನುವಾರ. "ಬೆಳಿಗ್ಗೆ ಇವರು ದಾರ ಹಿಡಿದುಕೊಂಡು ಬಂದರು. ಬಲಗೈ ಎತ್ತು ಅಂದರು. ಯಾಕೆ ಅಂದೆ. ಎತ್ತು ಅಂದ್ರೆ ಎತ್ತೇ, ನೋವಾಗೋ ಕಡೆ ನಿಲ್ಲಿಸು ಅಂದರು. ದಾರದ ತುದಿಯನ್ನು ಕಾಲಲ್ಲಿ ಒತ್ತಿಹಿಡಿದು, ನನ್ನ ಅಂಗೈಯವರೆಗೆ ಎಳೆದು ಗಂಟು ಹಾಕಿದರು. ದರ್ಜಿ ಕೆಲಸ ಯಾವಾಗ ಶುರುಮಾಡಿದ್ರಿ ಅಂತ ಕೇಳಿದೆ. ನಿನ್ನ ಕನ್ನಡಕಕ್ಕೊಂದು ಮನೆ ಕಟ್ತಾ ಇದ್ದೀನಿ, ದಿನಾ ಹುಡುಕೋದು ತಪ್ಪತ್ತೆ ಅಂದರು. ಅಳತೆ ಬರೆದುಕೊಂಡು ದಾರವನ್ನು ಇಲ್ಲೇ ಬಿಟ್ಟು ಹೋದರು. ಪುಟದ ಗುರುತಿಗೆ ಇಟ್ಟುಕೊಂಡಿದ್ದೇನೆ."

ದಾರ ಇನ್ನೂ ಇದೆ. ಚೌಕಟ್ಟುಗಳ ಅಳತೆ ಬರೆದ ನಿನ್ನ ಕಾಗದ ಬಂದ ದಿನವೇ ಅಳೆದೆ. ಮೂರು ಅಡಿ ಹತ್ತು ಇಂಚು. ಆದರೂ ನಂಬಲು ಮನಸ್ಸಾಗದೆ ಅಷ್ಟೊಂದು ಪ್ರಶ್ನೆ ಕೇಳಿದೆ. ಯಾವುದಾದರೂ ಒಂದಕ್ಕೆ ನೀನು ಬೇರೆ ಉತ್ತರ ಬರೆಯುತ್ತೀಯ ಎಂದು ಕಾದೆ. ಅಳತೆ ತಪ್ಪಿತು ಎಂದು ಬರೆದೆಯಲ್ಲ, ಅದನ್ನು ಓದಿ ದಾರವನ್ನು ಮತ್ತೊಮ್ಮೆ ಅಳೆದೆ. ಅದು ತಪ್ಪಿದ ಅಳತೆಯಲ್ಲ. ಅದು ನಾನು.

ನಿನ್ನ ಅಡಿಗಟ್ಟೆಯಿಂದಾಗಿ ಅಲ್ಲಿ ನನ್ನ ಕೈ ಎಟುಕಲಿಲ್ಲ. ಎತ್ತಲು ಹೋಗಿ ಭುಜ ಹಿಡಿದುಕೊಂಡಿತು. ಆಮೇಲೆ ಗೋಡೆಗೂ ಮರಕ್ಕೂ ನಡುವಿನ ಸಂದಿಯಲ್ಲಿ ಎಡಗೈ ತೂರಿಸಿದೆ.

"ಏನು ಬಿದ್ದೋಯ್ತಮ್ಮಾ?"

"ಕನ್ನಡಕ."

"ಹಣೆ ಮೇಲೇ ಇದೆಯಲ್ಲಮ್ಮಾ."

ನಕ್ಕಳು. ನಾನೂ ನಕ್ಕೆನೋ ಏನೋ. ಕೈ ಮಾತ್ರ ಹಿಂದೆಯೇ ಇತ್ತು. ಬೆನ್ನು ಉದ್ದಕ್ಕೂ ಗಾಜಿನ ಹಾಗೆ ನುಣುಪು. ಅವರ ಕೈ ಅದು, ಕಣ್ಣು ಮುಚ್ಚಿಯೂ ಹೇಳುತ್ತೇನೆ. ನಡುವೆ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ತಗ್ಗು. ಅಲ್ಲಿ ಎಣ್ಣೆ ಹಿಡಿದಿಲ್ಲ, ಬೆರಳಿಗೆ ಒಣಒಣ ತಾಗಿತು. ಅವಳ ಫೋನಿನ ಬೆಳಕು ಕೇಳಿ ಪಡೆದು ಇಣುಕಿದೆ. ಯಾರೋ ಅವಸರದಲ್ಲಿ ಕೀಸುಳಿ ಹಾಕಿ ಎರಡು ಸಾಲಿನಷ್ಟು ಜಾಗವನ್ನು ಕೀಸಿ ತೆಗೆದಿದ್ದಾರೆ.

ಮರ ಸೀಳಲಿಲ್ಲ. ಒಲೆಗೆ ಹೋಗಲಿಲ್ಲ. ಬರೆದಿರಲಿಲ್ಲ ಎನ್ನುವುದೂ ಸುಳ್ಳು.

ಮರ ನೀನೇ ಇಟ್ಟುಕೋ. ಹೆಸರೂ ಇಟ್ಟುಕೋ. ಅಲ್ಲಿ ಏನು ಬರೆದಿತ್ತು, ಅದೊಂದನ್ನು ಹೇಳು.

ಅತ್ತಿಗೆ


ನವೆಂಬರ್ 7

ಮೊಳೆ,

ಎರಡು ವಾರವಾಯಿತು. ಅಂಚೆಯವನು ದಿನಾ ಗೇಟಿನ ಹತ್ತಿರ ಸೈಕಲ್ ನಿಧಾನ ಮಾಡಿ, ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾನೆ.

ಏನು ಬರೆದಿತ್ತು?

ಅತ್ತಿಗೆ


ನವೆಂಬರ್ 19

ಅತ್ತಿಗೆ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಅಣ್ಣ ಹೋದ ಮೂರನೇ ವಾರ ಆ ಹೋಟೆಲಿನ ಮ್ಯಾನೇಜರ್ ಬೇರೇನೋ ಕೇಳಲು ಕಾರ್ಖಾನೆಗೆ ಬಂದಿದ್ದ. ಚೌಕಟ್ಟು ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಅಣ್ಣ ಎಣ್ಣೆ ಹಚ್ಚಿ ಮುಗಿಸಿ, ಹಿಂದೆ ಬರೆದು, ಶನಿವಾರ ನಿಮ್ಮಲ್ಲಿಗೆ ತರುವುದೆಂದು ಇಟ್ಟಿದ್ದ. ಆ ಶನಿವಾರ ಬರಲಿಲ್ಲ. ಮ್ಯಾನೇಜರ್ ಬಟ್ಟೆ ಸರಿಸಿ ನೋಡಿ, "ನಿಮ್ಮ ಕೈಯಾ?" ಅಂದ. ನಾನು ಹೂಂ ಅಂದೆ. ಯೋಚಿಸಿ ಹೇಳಿದ್ದಲ್ಲ ಅತ್ತಿಗೆ, ಬಾಯಿಗೆ ಬಂದುಬಿಟ್ಟಿತು. ನಾಳೆ ಯಜಮಾನರನ್ನು ಕರೆತರುತ್ತೇನೆ, ಹಿಂದೆಮುಂದೆ ಎಲ್ಲ ತೋರಿಸಬೇಕು ಎಂದು ಹೇಳಿ ಹೋದ. ಅವತ್ತು ಸಂಜೆ ಕೀಸುಳಿ ಹಿಡಿದೆ.

ಆ ಬರಹ ಓದಿದ ಮೇಲೆ ನಿಮಗೆ ತಂದು ಕೊಡಬೇಕಿತ್ತು. ಓದಿದ್ದರಿಂದಲೇ ಆಗಲಿಲ್ಲ, ಹೊಟ್ಟೆಕಿಚ್ಚಾಯಿತು. ಕೀಸಿದ ಮೇಲೆ ತೋರಿಸುವ ಮುಖ ಇರಲಿಲ್ಲ. ಅದಕ್ಕೇ ಸೀಳಿತು ಎಂದು ಬರೆದೆ.

ನೆಪ ಅಂದರೆ ಅನ್ನಿ. ಇಪ್ಪತ್ತೆರಡು ವರ್ಷ ಅಣ್ಣನ ಪಕ್ಕದಲ್ಲಿ ಕೆಲಸ ಮಾಡಿದೆ. ಪೂರ್ತಿ ನಾನೇ ಮಾಡಿದ ಮೇಜಿನ ಹಿಂದೆಯೂ ಅಣ್ಣನೇ ಬರೆಯುತ್ತಿದ್ದ. ಒಂದು ಸಲವೂ "ನೀನು ಬರಿ" ಎಂದು ಸೀಸದಕಡ್ಡಿ ನನ್ನ ಕೈಗೆ ಕೊಡಲಿಲ್ಲ. ಕೇಳಿದ್ದರೆ ಕೊಡುತ್ತಿದ್ದನೋ ಏನೋ. ನಾನು ಕೇಳಲಿಲ್ಲ.

ಚೌಕಟ್ಟನ್ನು ವ್ಯಾನಿನಲ್ಲಿ ಕಳಿಸುತ್ತಿದ್ದೇನೆ. ಅದು ನಿಮ್ಮದು. ಹೋಟೆಲಿನವರಿಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ ಎಂದು ಮಾತು ಕೊಟ್ಟರೆ ನೀವು ನಂಬುವುದಿಲ್ಲ, ಅದಕ್ಕೆ ಕೊಡುವುದಿಲ್ಲ.

ಅಣ್ಣ ಬರೆದಿದ್ದ ಎರಡು ಸಾಲು ನನಗೆ ಬಾಯಿಪಾಠವಾಗಿದೆ. ಒಂದಕ್ಷರ ಬಿಡದೆ ಬರೆದು, ಇದರ ಜೊತೆಗಿರುವ ಸಣ್ಣ ಲಕೋಟೆಯಲ್ಲಿಟ್ಟು ಅಂಟಿಸಿದ್ದೇನೆ.

ಕ್ಷಮಿಸಿ ಎಂದು ಬರೆಯಲು ಧೈರ್ಯವಿಲ್ಲ.

ಮೊಳೆ


ಡಿಸೆಂಬರ್ 4

ಮೊಳೆ,

ವ್ಯಾನು ಮಂಗಳವಾರ ಬಂತು. ಇಬ್ಬರು ಇಳಿಸಿ, ಮುಂದಿನ ಕೋಣೆಯಲ್ಲಿ ಒರಗಿಸಿ ಹೋದರು. ಒಂದು ಗೀರೂ ಆಗಿಲ್ಲ.

ಸಣ್ಣ ಲಕೋಟೆ ಮೂರು ದಿನ ನನ್ನ ದಿಂಬಿನ ಹತ್ತಿರವಿತ್ತು. ಬೆಳಕಿಗೆ ಹಿಡಿದೆ. ಅಂಚನ್ನು ಉಗುರಿನಿಂದ ಎಬ್ಬಿಸಿ ಮತ್ತೆ ಒತ್ತಿದೆ. ಒಡೆಯಲಿಲ್ಲ. ಒಳಗೆ ಚೆಂದದ ಮಾತಿದ್ದರೆ, ನನ್ನನ್ನು ಸಮಾಧಾನ ಮಾಡಲು ನೀನು ಕಟ್ಟಿದ್ದು ಅನ್ನಿಸುತ್ತದೆ. ಸಪ್ಪೆ ಮಾತಿದ್ದರೆ, ನಿಜವಾದದ್ದನ್ನು ಬಚ್ಚಿಟ್ಟೆ ಅನ್ನಿಸುತ್ತದೆ. ನೀನು ಒಂದಕ್ಷರ ಬಿಡದೆ ಬರೆದಿರಬಹುದು. ಇರಬಹುದು. ಆದರೆ ಅವರು ನನಗೆ ಬರೆದದ್ದನ್ನು ಓದಿದವನು ಈ ಲೋಕದಲ್ಲಿ ನೀನೊಬ್ಬನೇ, ಮತ್ತು ನಿನ್ನ ಮಾತನ್ನು ನಾನು ಇನ್ನು ನಂಬಲಾರೆ. ನೀನು ಕೀಸಿದ್ದು ಎರಡು ಸಾಲು ಮಾತ್ರ ಅಂದುಕೊಂಡಿದ್ದೀಯ.

ನಿನ್ನ ಅಣ್ಣ ನಿನಗೆ ಸೀಸದಕಡ್ಡಿ ಕೊಡಲಿಲ್ಲ ಎಂದು ಬರೆದೆ. ಅದು ಅವರ ತಪ್ಪು. ಅವರು ಇದ್ದಿದ್ದರೆ ಯಾಕೆಂದು ನಾನೇ ಕೇಳುತ್ತಿದ್ದೆ. ಅದನ್ನು ನೀನು ಒಂದು ದಿನ ನನ್ನ ಅಡಿಗೆಮನೆಯಲ್ಲಿ ಕೂತು ಹೇಳಿದ್ದರೆ ಸಾಕಿತ್ತು. ಇಷ್ಟು ವರ್ಷ ಅಲ್ಲೇ ಕೂತು ಉಂಡೆಯಲ್ಲ.

ನಿನ್ನೆ ಗಾರೆ ಕೆಲಸದ ಮುದುಕಪ್ಪನನ್ನು ಕರೆಸಿದೆ. ಅವನು ಚೌಕಟ್ಟನ್ನು ತಟ್ಟಿ ನೋಡಿ, ಮೂಲೆಗಳನ್ನು ಸವರಿ, ಬಗ್ಗಿ ಹಿಂಬದಿ ನೋಡಿದ.

"ಯಾರ ಕೈಯಮ್ಮಾ ಇದು?"

"ನಮ್ಮ ಯಜಮಾನರದು."

"ಅದೇ ಅಂದ್ಕೊಂಡೆ. ಮಧ್ಯೆ ಇದ್ಯಾರು ಹಿಂಗೆ ಕೆರೆದೋರು?"

ಅಡಿಗಟ್ಟೆ ತೆಗೆದುಬಿಡು ಎಂದೆ. ಎರಡು ಏಟಿಗೆ ಬಿಚ್ಚಿಕೊಂಡವು, ನೀನು ಅವಕ್ಕೆ ಕಬ್ಬಿಣದ ಮೊಳೆ ಹೊಡೆದಿದ್ದೆ. ಚೌಕಟ್ಟನ್ನು ಗೋಡೆಗೆ ಸೇರಿಸುವ ಹೊತ್ತಿಗೆ ನಾನು ಆ ಲಕೋಟೆಯನ್ನು ತಗ್ಗು ಬಿದ್ದ ಜಾಗಕ್ಕೆ ಸರಿಯಾಗಿ ಇಟ್ಟೆ.

"ಅಮ್ಮಾ, ಕಾಗದ ಒಳಗೇ ಉಳಿಯತ್ತೆ. ಆಮೇಲೆ ಬೇಕು ಅಂದ್ರೆ ಗೋಡೆ ಒಡೀಬೇಕಾಗತ್ತೆ."

"ಅದು ಇರೋ ಜಾಗ ಅದೇ," ಎಂದೆ. ಅವನು ಗಾರೆ ಹಾಕಿದ.

ಮಧ್ಯಾಹ್ನ ಅವನು ಹೋದ ಮೇಲೆ ಅದರ ಮುಂದೆ ನಿಂತು ಬಲಗೈ ಎತ್ತಿದೆ. ನೋವು ಶುರುವಾಗುವ ಕಡೆಗೆ ಸರಿಯಾಗಿ ಹಲಗೆ ಬಂತು, ಅಂಗೈ ಅದರ ಮೇಲೆ ಕೂತಿತು. ಕನ್ನಡಕ ತೆಗೆದು ಅಲ್ಲಿಟ್ಟೆ. ಇವತ್ತು ಬೆಳಿಗ್ಗೆ ಹುಡುಕಲಿಲ್ಲ.

ವ್ಯಾನಿನವನು ವಾಪಸ್ ಹೋಗುವಾಗ ಈ ದಾರಿಯಲ್ಲೇ ಬರುತ್ತೇನೆ ಎಂದಿದ್ದ. ಅವನ ಕೈಯಲ್ಲಿ ಒಂದು ಕಟ್ಟು ಕಳಿಸುತ್ತಿದ್ದೇನೆ. ಆ ಎರಡು ಅಡಿಗಟ್ಟೆಗಳಿವೆ. ಇಡೀ ಚೌಕಟ್ಟಿನಲ್ಲಿ ನೀನು ಮಾಡಿದ್ದು ಅವೆರಡೇ. ಜೊತೆಗೆ ನಿನ್ನ ಅಣ್ಣನ ಅಂಗಿಯ ಜೇಬಿನಲ್ಲಿದ್ದ ಸೀಸದಕಡ್ಡಿ ಇದೆ. ಅವುಗಳ ಹಿಂದೆ ಏನು ಬರೆಯಬೇಕೋ ನಿನ್ನ ಕೈಯಾರೆ ಬರೆದುಕೋ.

ಇತಿ,
ನಿನ್ನ ಅಣ್ಣನ ಹೆಂಡತಿ